ಮಾಗಡಿ ಕೆರೆ: ಈ ಚಳಿಗಾಲ ನೋಡಿದ್ದು

ನನ್ನ ಹಕ್ಕಿ ಪಟ್ಟಿ ಈ ಸಲ ಅಷ್ಟೇನೂ ಬೆಳೆದಿಲ್ಲ. ನೋಟ್‌ಬುಕ್ ಮಾತ್ರ ತುಂಬಿದೆ. ಊರೂರು ಸುತ್ತುವುದನ್ನು ಬಿಟ್ಟು ಒಂದೇ ಕೆರೆ ಹಿಡಿದುಕೊಂಡೆ. ಹಕ್ಕಿಯ ಹೆಸರಿನ ಪಕ್ಕ ಅದು ಏನು ಮಾಡ್ತಿತ್ತು ಅಂತ ಒಂದು ಸಾಲು ಬರೆಯುವುದು, ಅಷ್ಟೇ ನಿಯಮ.

ಕೆರೆ ಇರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ (ಬೆಂಗಳೂರು ಪಕ್ಕದ ಮಾಗಡಿ ಅಲ್ಲ!). 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಕೆರೆ-ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಇದ್ದದ್ದು ಸುಮಾರು 54 ಹೆಕ್ಟೇರ್, ಅಷ್ಟೇ.

ನವೆಂಬರ್: ಪಟ್ಟೆತಲೆ ಹೆಬ್ಬಾತುಗಳು ಬಂದಿವೆ. ಹಿಮಾಲಯ ದಾಟಿ ಬರುವ ಹಕ್ಕಿ. ಹಗಲೆಲ್ಲ ನೀರಲ್ಲಿ, ದಡದಲ್ಲಿ ವಿಶ್ರಾಂತಿ. ಸಂಜೆಯಾದರೆ ಗುಂಪುಗುಂಪಾಗಿ ಎದ್ದು ಹೊಲಗಳಿಗೆ ಮೇಯಲು ಹೋಗುತ್ತವೆ. ಬೆಳೆ ಹಾಳಾಗಲ್ವಾ ಅಂತ ಅಲ್ಲಿದ್ದ ರೈತರೊಬ್ಬರನ್ನು ಕೇಳಿದೆ. "ತಿಂದ್ರ ತಿನ್ಲಿ ಬಿಡ್ರಿ, ಗೊಬ್ಬರಾನೂ ಹಾಕ್ತಾವಲ್ಲ" ಅಂದರು.

ಡಿಸೆಂಬರ್: ಹೆಬ್ಬಾತಿನ ಬಿಳಿ ತಲೆಯ ಮೇಲೆ ಎರಡು ಕಪ್ಪು ಗೆರೆ. ಮೇಲಿನದು ಉದ್ದ, ಕಣ್ಣಿಂದ ಕಣ್ಣಿಗೆ. ಕೆಳಗಿನದು ಗಿಡ್ಡ. ಕೆಲವಕ್ಕೆ ಗೆರೆಯೇ ಇಲ್ಲ, ನೆತ್ತಿಯೆಲ್ಲ ಮಾಸಲು. ಅವು ಅದೇ ವರ್ಷದ ಮರಿಗಳು. ಇದು ಗೊತ್ತಾದ ಮೇಲೆ ಗುಂಪು ಬರೀ ಗುಂಪಾಗಿ ಕಾಣುವುದಿಲ್ಲ: ಗೆರೆಯ ಎರಡು, ಹಿಂದೆ ಗೆರೆಯಿಲ್ಲದ ಮೂರು. ಸಂಸಾರ! ಈ ಪುಟ್ಟ ಮರಿಗಳೂ ಹಿಮಾಲಯ ದಾಟಿ ಬಂದವೇ ಅಲ್ವಾ.

ಜನವರಿ: ಇಡೀ ಸೀಸನ್ನಿನಲ್ಲಿ ಇಷ್ಟವಾದದ್ದು ಶೋವೆಲರ್ ಬಾತುಗಳು. ಫೋಟೋದವರು ಇವನ್ನು ಕಣ್ಣೆತ್ತಿಯೂ ನೋಡಲ್ಲ. ಕೊಕ್ಕು ನೀರಲ್ಲಿ ಇಟ್ಟು, ಒಂದರ ಬಾಲದ ಹಿಂದೆ ಇನ್ನೊಂದು, ಸುಮ್ನೆ ಗಿರಗಿರ ಸುತ್ತುತ್ತವೆ. ಹಾಗೆ ಸುತ್ತಿದಾಗ ಕೆಳಗಿನ ಸಣ್ಣ ಹುಳುಹುಪ್ಪಟೆ ಮೇಲೆ ಬರುತ್ತದೆ. ಅಗಲ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳು. ನೀರು ಹೊರಗೆ, ಊಟ ಒಳಗೆ.

ಫೆಬ್ರವರಿ: ಅಲ್ಲಲ್ಲಿ ಹರಡಿಕೊಂಡಿದ್ದ ನಾಮದ ಕೋಳಿಗಳು (ಹಣೆಯ ಮೇಲೆ ಬಿಳಿ ನಾಮದ ಕಪ್ಪು ನೀರುಹಕ್ಕಿ, ಕೂಟ್) ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಸೇರಿದವು. ಯಾಕಪ್ಪಾ ಅಂತ ತಲೆ ಎತ್ತಿದರೆ ಮೇಲೆ ಬೇಟೆ ಹಕ್ಕಿ, ಮಾರ್ಶ್ ಹ್ಯಾರಿಯರ್. ಅದನ್ನು ನನಗಿಂತ ಮೊದಲು ಕೋಳಿಗಳೇ ನೋಡಿದ್ದವು. ಈಗ ನಾನೂ ಆಕಾಶ ಹುಡುಕುವುದನ್ನು ಕಮ್ಮಿ ಮಾಡಿ ಕೋಳಿಗಳ ಮೇಲೆ ಒಂದು ಕಣ್ಣಿಡುತ್ತೇನೆ.

ಮಾರ್ಚ್: ಹೆಬ್ಬಾತು ಖಾಲಿ. ಇನ್ನು ಟಿಟ್ಟಿಭಗಳ ಸರದಿ. ಬರೀ ನೆಲದ ಮೇಲೆ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ, ಹತ್ತಿರ ಹೋಗುವ ಹಾಗಿಲ್ಲ. ದೂರದಿಂದ ನೋಡಲು ಟ್ರೈಪಾಡ್ ಬೇಕು. ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ.