ಅಮ್ಮ, ಬಾದಾಮಿ ಮತ್ತೆ ಜೇಬಲ್ಲೊಂದು ಕ್ಯಾಮೆರಾ

ಎರಡು ವರ್ಷದ ಹಿಂದೆ ಅಮ್ಮನ್ನ ಹಂಪಿಗೆ ಕರ್ಕೊಂಡು ಹೋಗಿದ್ದೆ. ಹೆಗಲಿಗೆ ಡಿಎಸ್‌ಎಲ್‌ಆರ್ ಬ್ಯಾಗು, ಒಳಗೆ ಮೂರು ಲೆನ್ಸು, ಪ್ರತಿ ಮಂಟಪದ ಮುಂದೆ ನಾನು ಲೆನ್ಸ್ ಬದಲಾಯಿಸ್ತಾ ನಿಂತ್ರೆ ಅಮ್ಮ ತಲೆ ಮೇಲೆ ಸೆರಗು ಹೊದ್ಕೊಂಡು ಯಾವುದಾದ್ರೂ ಕಲ್ಲಿನ ಮೇಲೆ ಕೂತು ಕಾಯ್ತಿದ್ಲು. ಮನೆಗೆ ಬಂದು ನೋಡಿದ್ರೆ ಕಲ್ಲಿನ ರಥದ್ದೇ ಎಪ್ಪತ್ತು ಫೋಟೋ, ಅಮ್ಮಂದು ಎರಡು. ಆ ಎರಡರಲ್ಲೂ ಫೋಟೋಗೆ ಅಂತ ಕೈ ಕಟ್ಟಿ ಸೆಟೆದು ನಿಂತಿದಾಳೆ. ಅದು ನಂಗೆ ತುಂಬಾ ದಿನ ಕೊರೀತಿತ್ತು.

ಹಾಗಾಗಿ ಈ ಸಲ ಬಾದಾಮಿ ಬನಶಂಕರಿ ನೋಡ್ಬೇಕು ಅಂತ ಅಮ್ಮ ಅಂದಾಗ ನಾನು ಮೊದ್ಲು ಮಾಡಿದ ಕೆಲಸ ದೊಡ್ಡ ಬ್ಯಾಗನ್ನ ಬೀರು ಮೇಲೆ ಇಟ್ಟಿದ್ದು. ಪ್ಯಾಂಟ್ ಜೇಬಲ್ಲಿ ಕೂರೋ ಕ್ಯಾಮೆರಾ ಬೇಕು, ಅಮ್ಮನ ಪಕ್ಕದಲ್ಲೇ ನಡೀತಾ ತೆಗೆದು ಮತ್ತೆ ಜೇಬಿಗೆ ಹಾಕೋ ಥರದ್ದು. ಮೊಬೈಲ್ ಇದೆಯಲ್ಲಾ ಮತ್ತೆ ಯಾಕೆ ಅಂತ ತಮ್ಮ ಕೇಳ್ದ. ಮೊಬೈಲ್ ಚೆನ್ನಾಗೇ ತೆಗಿಯತ್ತೆ, ಆದ್ರೆ ಫೋಟೋಗೆ ಅಂತ ತೆಗೆದ್ರೆ ಆಫೀಸ್ ಮೆಸೇಜ್ ಕಾಣತ್ತೆ, ಅಲ್ಲಿಗೆ ಗಮನ ಹೋಯ್ತು. ಇನ್ನೊಂದು, ದೂರದ ಮುಖ ಹತ್ತಿರ ತರೋಕೆ ನಿಜವಾದ ಝೂಮ್ ಬೇಕಿತ್ತು.

ಒಂದು ತಿಂಗಳು ಇದೇ ಓದ್ದೆ. ನಂಗೆ ಅರ್ಥ ಆಗಿದ್ದು ಇಷ್ಟು: ಅಗ್ಗದ ಚಿಕ್ಕ ಕ್ಯಾಮೆರಾಗಳಲ್ಲಿ ಇರೋ 1/2.3 ಇಂಚಿನ ಸೆನ್ಸರ್‌ಗೆ (ಬೆಳಕು ಹಿಡಿಯೋ ಚಿಪ್‌ಗೆ) ದುಡ್ಡು ಹಾಕೋದು ದಂಡ, ಇವತ್ತಿನ ಒಳ್ಳೆ ಫೋನೇ ಅದಕ್ಕಿಂತ ವಾಸಿ. ಕಡೇ ಪಕ್ಷ 1 ಇಂಚಿನ ಸೆನ್ಸರ್ ಇರ್ಲೇಬೇಕು. ಒಂದಿಂಚು ಅನ್ನೋದು ಹೆಸರಿಗಷ್ಟೇ, ಅಳತೆ ಮಾಡಿದ್ರೆ 13.2 × 8.8 ಮಿಲಿಮೀಟರ್, ಆದ್ರೂ ಆ ಚಿಕ್ಕದರ ನಾಲ್ಕು ಪಟ್ಟು ಜಾಗ ಬೆಳಕು ಹಿಡಿಯೋಕೆ ಸಿಗತ್ತೆ. ರಿಕೋ ಜಿಆರ್ 3 ಮೇಲೆ ತುಂಬಾ ಮನಸ್ಸಿತ್ತು, ಬ್ಯಾಟರಿ ಕಾರ್ಡ್ ಸೇರಿ 257 ಗ್ರಾಂ, ಒಳಗೆ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಇರೋಷ್ಟೇ ದೊಡ್ಡ ಎಪಿಎಸ್-ಸಿ ಸೆನ್ಸರ್, ಬೀದಿ ಫೋಟೋ ತೆಗೆಯೋರು ಅದನ್ನ ಯಾಕೆ ಬಿಡಲ್ಲ ಅಂತ ಕೈಲಿ ಹಿಡಿದ ತಕ್ಷಣ ಗೊತ್ತಾಗತ್ತೆ. ಆದ್ರೆ ಅಗಲ ನೋಟದ 28 ಎಂಎಂ ಒಂದೇ, ಝೂಮ್ ಇಲ್ಲ, ಕಣ್ಣಿಟ್ಟು ನೋಡೋ ವ್ಯೂಫೈಂಡರೂ ಇಲ್ಲ, ಬಾದಾಮಿ ಬಿಸಿಲಲ್ಲಿ ಬರೀ ಸ್ಕ್ರೀನ್ ನಂಬ್ಕೊಂಡು ಏನು ತೆಗೀಲಿ. ಫ್ಯೂಜಿಯ ಎಕ್ಸ್100 ಸಾಲಿನವು ಕಣ್ಣಿಗೆ ಹಬ್ಬ, ಜೇಬಿಗೆ ಹಿಡಿಸಲ್ಲ. ಕೊನೆಗೆ ಸೋನಿ ಆರ್‌ಎಕ್ಸ್100 ಮಾರ್ಕ್ 3, 2014ರದ್ದು, ಸೆಕೆಂಡ್ ಹ್ಯಾಂಡ್. 24ರಿಂದ 70 ಎಂಎಂ ಝೂಮ್ (ಸಂಖ್ಯೆ ಹೆಚ್ಚಾದಷ್ಟೂ ದೂರದ್ದು ಹತ್ತಿರ), ಲೆನ್ಸ್ ತೆರೆಯೋ ಅಗಲ ಎಫ್/1.8 ಇಂದ 2.8 (ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಮೂಲೆಯಿಂದ ಪಟ್ ಅಂತ ಮೇಲೇಳೋ ವ್ಯೂಫೈಂಡರ್, ತೂಕ 290 ಗ್ರಾಂ.

ಹಳೇದು ತಗೊಳೋರಿಗೆ ಒಂದು ಮಾತು. ಇಂಥ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚೋಕಾಗಲ್ಲ, ಒಳಗೆ ಧೂಳು ಹೋದ್ರೆ ನಾವು ಒರೆಸೋಕಾಗಲ್ಲ. ಅದಕ್ಕೆ ಎಫ್/11ಕ್ಕೆ ಇಟ್ಟು ಬಿಳಿ ಗೋಡೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಕಪ್ಪು ಚುಕ್ಕಿ ಕಂಡ್ರೆ ಕೈ ಮುಗಿದು ವಾಪಸ್ ಬನ್ನಿ. ನಾನು ಮೊದಲನೇದನ್ನ ಹಾಗೇ ಬಿಟ್ಟು ಬಂದೆ. ಹತ್ತು ಸಲ ಆನ್ ಆಫ್ ಮಾಡಿ ಲೆನ್ಸ್ ತಡವರಿಸದೆ ಹೊರಗೆ ಬಂದು ಒಳಗೆ ಹೋಗತ್ತಾ ಅಂತಾನೂ ನೋಡ್ಬೇಕು.

ರಾತ್ರಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬಾದಾಮಿಲಿ ಇಳಿದ್ವಿ. ಸ್ಟೇಷನ್ನಿಂದ ಊರಿಗೆ ಆಟೋ, ಸ್ನಾನ ತಿಂಡಿ, ಸೀದಾ ಗುಹೆಗಳು. ಮೆಟ್ಟಿಲ ಬುಡದಲ್ಲೇ ಕೋತಿಗಳು ಒಬ್ಬರ ಕೈಲಿದ್ದ ಕವರ್ ಕಿತ್ಕೊಂಡು ಹೋದ್ವು, ನಾನು ಸ್ಟ್ರಾಪ್ ಮಣಿಕಟ್ಟಿಗೆ ಸುತ್ಕೊಂಡು ಕ್ಯಾಮೆರಾ ಜೇಬಿಗೆ ಇಳಿಸ್ದೆ.

ಮೊದಲನೇ ಗುಹೆ ಬಲಗಡೆ ಹದಿನೆಂಟು ಕೈಯ ನಟರಾಜ. ಅಮ್ಮ ಒಂದೊಂದೇ ಕೈ ಬೆರಳಲ್ಲಿ ತೋರಿಸಿ ಎಣಿಸ್ತಾ ನಿಂತ್ಲು, ಒಂಬತ್ತಕ್ಕೆ ತಪ್ಪಿ ಮತ್ತೆ ಮೊದಲಿಂದ. ಅಷ್ಟರಲ್ಲಿ ನಂಗೆ ಮೂರು ಫೋಟೋ ಸಿಕ್ತು, ಅವಳಿಗೆ ಗೊತ್ತೇ ಆಗ್ಲಿಲ್ಲ. ಎಕ್ಸ್‌ಪೋಶರ್ ಮೈನಸ್ 0.7ಕ್ಕೆ ಇಳಿಸಿದ್ದೆ, ಅಂದ್ರೆ ಫೋಟೋ ಸ್ವಲ್ಪ ಕಪ್ಪಗೆ ಬರೋ ಹಾಗೆ, ಇಲ್ಲಾಂದ್ರೆ ಹೊರಗಿನ ಬಿಸಿಲು ಪೂರ್ತಿ ಬೆಳ್ಳಗಾಗಿ ಆ ಕೆಂಪು ಮರಳುಗಲ್ಲಿನ ಬಣ್ಣನೇ ಹೋಗ್ಬಿಡತ್ತೆ. ಫ್ಲ್ಯಾಶ್ ಮುಟ್ಲೇ ಇಲ್ಲ. ಕೆತ್ತನೆ ಅಂದ್ರೇನೇ ನೆರಳು, ಫ್ಲ್ಯಾಶ್ ಬಿದ್ರೆ ನಟರಾಜನೂ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಥರ ಕಾಣ್ತಾನೆ.

ಅದೇ ಗುಹೆಯ ಛಾವಣಿಲಿ ನಾಗರಾಜ ಇದಾನೆ, ಸುರುಳಿ ಸುತ್ಕೊಂಡು. ಕತ್ತಲು ಜಾಸ್ತಿ, ಪುರಾತತ್ವ ಇಲಾಖೆ ಜಾಗಗಳಲ್ಲಿ ಅನುಮತಿ ಇಲ್ದೆ ಟ್ರೈಪಾಡ್ ಇಡೋ ಹಾಗಿಲ್ಲ. ನಾನು ಮಾಡಿದ್ದು ಇಷ್ಟೇ, ಕರ್ಚೀಫ್ ಮಡಿಚಿ ನೆಲದ ಮೇಲೆ ಹಾಕಿ, ಕ್ಯಾಮೆರಾನ ಅಂಗಾತ ಮಲಗಿಸಿ, ಲೆನ್ಸ್ ಮೇಲ್ಮುಖ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸೋ ಮಟ್ಟ) 125, ಎರಡು ಸೆಕೆಂಡ್ ಟೈಮರ್ ಒತ್ತಿ ಪಕ್ಕಕ್ಕೆ ಸರಿದೆ. ಶಟರ್ ಸುಮಾರು ಒಂದು ಸೆಕೆಂಡ್ ತೆರೆದೇ ಇತ್ತು. ಬಂದ ಫೋಟೋದಲ್ಲಿ ನಾಗರಾಜನ ಒಂದೊಂದು ಸುರುಳಿನೂ ಎಣಿಸ್ಬಹುದು. ದೊಡ್ಡ ಕ್ಯಾಮೆರಾನ ಹಾಗೆ ನೆಲದ ಮೇಲೆ ಮಲಗಿಸೋ ಯೋಚನೆ ನಂಗೆ ಯಾವತ್ತೂ ಬಂದಿರ್ಲಿಲ್ಲ.

ಮೂರನೇ ಗುಹೆ ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಶಾಸನದಲ್ಲಿ ಕ್ರಿ.ಶ. 578ಕ್ಕೆ ಸರಿಹೊಂದೋ ತಾರೀಖೇ ಇದೆ. ಅಕ್ಷರ ತೆಗೆಯೋಕೆ ಹತ್ತಿರ ಹೋದ್ರೆ ನನ್ನ ನೆರಳೇ ಅದರ ಮೇಲೆ ಬೀಳ್ತಿತ್ತು. ಹಿಂದೆ ಸರಿದು 70ಕ್ಕೆ ಝೂಮ್ ಮಾಡಿ ಪಕ್ಕದಿಂದ ಬರೋ ಬೆಳಕಿಗೆ ಕಾದೆ, ಆಗ ಗೀರುಗಳೆಲ್ಲಾ ಎದ್ದು ಬಂದ್ವು.

ಮಧ್ಯಾಹ್ನ ಬನಶಂಕರಿ. ಅಮ್ಮ ಒಳಗೆ ಕಣ್ಣು ಮುಚ್ಚಿ ನಿಂತಾಗ ಕ್ಯಾಮೆರಾ ಜೇಬಲ್ಲೇ ಇತ್ತು, ಅಲ್ಲಿ ತೆಗೀಬಾರ್ದು ಅನ್ನಿಸ್ತು. ಹೊರಗೆ ಬಂದ್ರೆ ಬುಟ್ಟಿ ಇಟ್ಕೊಂಡು ಕೂತ ಹೆಂಗಸರು, ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಒಬ್ಬ ಅಜ್ಜಿನ ಕೇಳ್ದೆ, "ಅಜ್ಜಿ, ಒಂದು ಫೋಟೋ ತೆಗೀಲಾ?" ಅಂತ. "ಮೊದ್ಲ ಉಣ್ಣೋ ಯಪ್ಪಾ, ಆಮ್ಯಾಲ ಎಷ್ಟ್ ಬೇಕಾದ್ರೂ ತಗಿ" ಅಂದ್ರು. ಉಂಡ್ವಿ. ಅಮ್ಮ ಎರಡನೇ ರೊಟ್ಟಿಗೆ ಕೈ ಚಾಚೋ ಹೊತ್ತಿಗೆ ಇಬ್ಬರೂ ಮೊಣಕಾಲು ನೋವಿನ ಮಾತಿಗೆ ಬಿದ್ದಿದ್ರು, ನಾನಿರೋದೇ ಮರ್ತಿದ್ರು. 70 ಎಂಎಂ, ಎಫ್/2.8, ಅಜ್ಜಿ ಮೂಗುತಿ ಮೇಲೆ ಬೇವಿನ ಮರದ ನೆರಳು ಆಡ್ತಿತ್ತು. ಹಿಂದಿನ ಸ್ಕ್ರೀನಲ್ಲಿ ತೋರಿಸ್ದೆ. ಅಜ್ಜಿ ತುಂಬಾ ಹೊತ್ತು ನೋಡಿ "ನಮ್ಮವ್ವನಂಗ ಆಗೀನಿ ನೋಡ್" ಅಂದ್ರು, ಯಾರಿಗೆ ಹೇಳಿದ್ರೋ ಗೊತ್ತಿಲ್ಲ. ವೈಫೈಲಿ ಫೋನಿಗೆ ತಗೊಂಡು ಅಲ್ಲೇ ಅವರ ಮೊಮ್ಮಗನ ನಂಬರಿಗೆ ಕಳಿಸ್ದೆ.

ಮರುದಿನ ಮಹಾಕೂಟ. ಊಟೆ ನೀರಿನ ಪುಷ್ಕರಿಣಿಲಿ ಹುಡುಗರು ಧುಮುಕ್ತಿದ್ರು. ಈ ಕ್ಯಾಮೆರಾದ ಶಟರ್ 1/2000 ಸೆಕೆಂಡ್‌ಗಿಂತ ವೇಗ ಹೋಗಲ್ಲ, ಬಿಸಿಲಲ್ಲಿ ಎಫ್/1.8 ಇಟ್ರೆ ಎಲ್ಲಾ ಬಿಳಿ. ಒಳಗೇ ಇರೋ ಎನ್‌ಡಿ ಫಿಲ್ಟರ್ ಹಾಕಿದ್ರೆ ಕ್ಯಾಮೆರಾಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಅದನ್ನ ಹಾಕಿ ಅಮ್ಮ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದು ತೆಗೆದೆ.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ತಾಣ, ಜನ ತುಂಬಾ. ನಂಗೆ ಉಳಿದಿದ್ದು ವಿರೂಪಾಕ್ಷ ದೇವಸ್ಥಾನದ ಒಳಗಿನ ಅರ್ಧ ಗಂಟೆ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದಿದ್ದಕ್ಕೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಅದು. ಜಾಲಂದ್ರದಿಂದ ಬೆಳಕು ಚೂರು ಚೂರಾಗಿ ಕಂಬಗಳ ಮೇಲೆ ಬೀಳತ್ತೆ, ಕಂಬದ ತುಂಬಾ ರಾಮಾಯಣ ಮಹಾಭಾರತ. ಯಾರದ್ದೋ ಮಗು ಒಂದು ಅಮ್ಮನ ಪಕ್ಕ ಬಂದು ನಿಂತಿತ್ತು, ಅಮ್ಮ ಅದಕ್ಕೆ ಜಟಾಯು ಕಥೆ ಶುರು ಮಾಡಿದ್ಲು, ಕೈ ಅಗಲಿಸಿ ರೆಕ್ಕೆ ಬಡಿಯೋದನ್ನೂ ತೋರಿಸ್ತಾ. ನಾನು ಸ್ಕ್ರೀನ್ ಮೇಲಕ್ಕೆ ಬಗ್ಗಿಸಿ ಕ್ಯಾಮೆರಾನ ಹೊಟ್ಟೆ ಹತ್ತಿರ ಹಿಡ್ಕೊಂಡು ತಲೆ ತಗ್ಗಿಸಿ ನೋಡ್ತಾ ತೆಗೆದೆ. ಐಎಸ್‌ಒ 1600, 1/40 ಸೆಕೆಂಡ್. ಸ್ವಲ್ಪ ಕಾಳು ಕಾಳಾಗಿದೆ, ಅಮ್ಮನ ಕೈ ಅಲ್ಲಾಡಿ ಮಸುಕಾಗಿದೆ. ಆ ಮಸುಕೇ ರೆಕ್ಕೆ ಥರ ಇದೆ. ಇಡೀ ಪ್ರವಾಸದಲ್ಲಿ ನಂಗೆ ಅದಕ್ಕಿಂತ ಇಷ್ಟವಾದ ಫೋಟೋ ಇಲ್ಲ.

ಸಂಜೆ ಐಹೊಳೆ. ಒಂದು ಬ್ಯಾಟರಿಗೆ ಮುನ್ನೂರು ಚಿಲ್ಲರೆ ಫೋಟೋ ಲೆಕ್ಕ, ನಾನು ವೈಫೈ ಆಡಿಸ್ತಾ ತಂದಿದ್ದ ಎರಡು ಬ್ಯಾಟರಿನೂ ಮುಗಿಸೋ ಹಂತಕ್ಕೆ ತಂದಿದ್ದೆ, ಪವರ್ ಬ್ಯಾಂಕ್ ರೂಮಲ್ಲೇ ಉಳಿದಿತ್ತು. ದುರ್ಗ ದೇವಸ್ಥಾನದ ಹಿಂಭಾಗ ಅರ್ಧ ವೃತ್ತಾಕಾರ, ಸುತ್ತ ಕಂಬದ ಸಾಲಿನ ಪ್ರದಕ್ಷಿಣಾ ಪಥ. ಅಮ್ಮ "ದುರ್ಗಮ್ಮ ಎಲ್ಲೋ?" ಅಂದ್ಲು. ಇದು ದುರ್ಗಮ್ಮನ ಗುಡಿ ಅಲ್ಲಮ್ಮಾ, ದುರ್ಗ ಅಂದ್ರೆ ಕೋಟೆ, ಕೋಟೆ ಪಕ್ಕ ಇದ್ದಿದ್ದಕ್ಕೆ ಆ ಹೆಸರು ಅಂದೆ. "ಇರ್ಲಿ ಬಿಡು, ಬಂದಿದೀವಲ್ಲ" ಅಂತ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹೊರಟೇ ಬಿಟ್ಲು. ಇಳಿ ಬಿಸಿಲು ಕಂಬಗಳ ಮಧ್ಯೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು, ಅವಳು ಒಂದು ಪಟ್ಟೆಯಿಂದ ಇನ್ನೊಂದಕ್ಕೆ, ನೆರಳಲ್ಲಿ ಮಾಯವಾಗಿ ಮತ್ತೆ ಬೆಳಕಿಗೆ. ಬ್ಯಾಟರಿ ಗುರುತು ಮಿನುಗೋಕೆ ಶುರುವಾಗಿತ್ತು. ನಾನು ನಾಲ್ಕೈದು ಹೆಜ್ಜೆ ಹಿಂದೆ ನಡೀತಾ ಆರು ಫೋಟೋ ತೆಗೆದೆ, ಏಳನೇದಕ್ಕೆ ಲೆನ್ಸ್ ತಾನೇ ಒಳಗೆ ಹೋಯ್ತು. ಕ್ಯಾಮೆರಾ ಜೇಬಿಗೆ ಹಾಕಿ ಚಪ್ಪಲಿ ಬಿಟ್ಟು ಅಮ್ಮನ ಜೊತೆ ಇನ್ನೆರಡು ಸುತ್ತು ಬಂದೆ.