ಕೆನ್ನೆ ಮೇಲಿನ ನೆಟ್ಟಗಿನ ಗೆರೆ

ಸಂಡೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮೂರು ವರ್ಷ ಆಯಿತು. ಅದಿರು ಲಾರಿಯಿಂದ ಉದುರಿದ ಕಲ್ಲಿನ ಮೇಲೆ ಚಕ್ರ ಜಾರಿತು, ಅಷ್ಟೇ. ಎಡ ಕೆನ್ನೆ ಕಣ್ಣಿನ ಕೆಳಗಿನಿಂದ ಬಾಯಿ ತುದಿ ತನಕ ಸೀಳಿತ್ತು. ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಸರವಾಗಿ ಹೊಲಿಗೆ ಹಾಕಿ ಕಳಿಸಿದರು. ಒಳಗಿನ ಧೂಳನ್ನು ಉಜ್ಜಿ ತೊಳೆದಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು, ಗಾಯ ಕೂಡಿಕೊಂಡ ಮೇಲೆ ಹಚ್ಚೆ ಹಾಕಿಸಿಕೊಂಡ ಹಾಗೆ ಕಪ್ಪು ಚುಕ್ಕೆಗಳು ಒಳಗೇ ಉಳಿದುಬಿಟ್ಟವು. ಯಾರಾದರೂ ರಸ್ತೆಯಲ್ಲಿ ಮುಖ ಕೆತ್ತಿಕೊಂಡರೆ ಮೊದಲ ದಿನವೇ ಕೇಳಿ, ಮಣ್ಣು ಪೂರ್ತಿ ತೆಗೆದಿರಾ ಅಂತ.

ಅವ್ವ ಅರಿಶಿಣ ಹಚ್ಚಿದಳು. ನಾನು ಎರಡೇ ತಿಂಗಳಿಗೆ ಬಳ್ಳಾರಿಯಲ್ಲಿ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಓಡಿದೆ. "ಕಲೆ ಇನ್ನೂ ಹಸಿ ಐತಿ, ವರ್ಷ ಬಿಟ್ಟು ಬಾರಪ್ಪ" ಅಂದರು. ಬೇಜಾರಾಯಿತು, ಆದರೆ ಕಾರಣ ಇತ್ತು: ಕೆಂಪಗೆ ಉಬ್ಬಿದ ಕಲೆ ಎಷ್ಟೋ ಸಲ 6ರಿಂದ 12 ತಿಂಗಳಲ್ಲಿ ತಾನೇ ತಣ್ಣಗಾಗಿ ಮೆತ್ತಗಾಗುತ್ತದೆ, ಅದಕ್ಕೆ ಮೊದಲೇ ಕತ್ತರಿ ಹಾಕೋದು ಸುಮ್ನೆ ದಂಡ. ಅಲ್ಲಿವರೆಗೂ ಬೆರಳಿನಿಂದ ತಿಕ್ಕು, ಸಿಲಿಕಾನ್ ಜೆಲ್ ಹಚ್ಚು, ಬಿಸಿಲು ತಾಗಿಸಬೇಡ, ತಾಗಿದರೆ ಕಲೆ ಕಪ್ಪಾಗುತ್ತದೆ ಅಂದರು. ಬಳ್ಳಾರಿಯಲ್ಲಿ ಬಿಸಿಲು ತಾಗಿಸದೇ ಇರಬೇಕಂತೆ! ಸನ್‌ಸ್ಕ್ರೀನ್ ಹಚ್ಚಿ ಮೇಲೆ ಟವೆಲ್ ಸುತ್ತಿಕೊಂಡು ಓಡಾಡಿದೆ.

ವರ್ಷ ಕಳೆದು ಆಪರೇಷನ್ ಆಯಿತು. ನಾನು ಕಲೆ ಸಣ್ಣದು ಮಾಡ್ತಾರೆ ಅಂದುಕೊಂಡಿದ್ದೆ, ಅವರು ಉದ್ದ ಮಾಡಿದರು! ನೆಟ್ಟಗಿನ ಗೆರೆ ಎರಡು ರೀತಿ ಕಾಡುತ್ತದೆ. ಒಂದು, ಕಣ್ಣು ಅದನ್ನೇ ಹಿಡಿದು ಹೋಗುತ್ತದೆ. ಇನ್ನೊಂದು, ಒಣಗುತ್ತಾ ಉದ್ದಕ್ಕೂ ಮುದುಡುತ್ತದೆ, ನನಗೆ ನಕ್ಕರೆ ಬಾಯಿ ತುದಿ ಮೇಲಕ್ಕೆ ಎಳೀತಿತ್ತು, ಅದಕ್ಕೇ. ಬಾಯಿ ಹತ್ತಿರ ಝೆಡ್ ಪ್ಲಾಸ್ಟಿ ಮಾಡಿದರು: ಕಲೆಯ ಎರಡೂ ತುದಿಗೆ ಓರೆಯಾಗಿ ಕೊಯ್ದು, ಎರಡು ತ್ರಿಕೋನದ ಚರ್ಮ ಬಿಡಿಸಿ, ಅದಲು ಬದಲು ಮಾಡಿ ಹೊಲಿಯೋದು. ಕೋನ 60 ಡಿಗ್ರಿ ಇದ್ದರೆ ಲೆಕ್ಕದ ಪ್ರಕಾರ ಆ ದಿಕ್ಕಿನಲ್ಲಿ ಸುಮಾರು 75% ಹೆಚ್ಚು ಉದ್ದ ಸಿಗುತ್ತದಂತೆ, ಎಳೆತ ಬಿಟ್ಟುಹೋಗುತ್ತದೆ. ಮೇಲಿನ ಭಾಗದಲ್ಲಿ ಚುಕ್ಕೆಗಳ ಸಮೇತ ಕಲೆ ತೆಗೆದು ಅಂಚನ್ನು ಗರಗಸದ ಹಲ್ಲಿನ ಹಾಗೆ ಕೂಡಿಸಿದರು, ಅದು ಡಬ್ಲ್ಯೂ ಪ್ಲಾಸ್ಟಿ. ಆರನೇ ದಿನ ಹೊಲಿಗೆ ಬಿಚ್ಚಿದರು.

ಕೀಲಾಯ್ಡ್, ಅಂದರೆ ಗಾಯದ ಅಂಚು ದಾಟಿ ಗಂಟಿನ ಹಾಗೆ ಬೆಳೆಯೋ ಕಲೆ, ಇದ್ದವರು ಮಾತ್ರ ಹುಷಾರು, ಅದು ಬರೀ ಕತ್ತರಿಸಿದರೆ ಮತ್ತೆ ಬೆಳೆಯೋದೇ ಜಾಸ್ತಿ, ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಥರದ್ದು ಬೇಕಾಗುತ್ತದೆ.

ಕಲೆ ಹೋಗಿಲ್ಲ, ಹೋಗೋದೂ ಇಲ್ಲ, ಡಾಕ್ಟರು ಮೊದಲೇ ಹೇಳಿದ್ದರು. ಕಲೆ ಮೇಲೆ ಕೂದಲು ಹುಟ್ಟಲ್ಲ, ಮೊದಲು ಗಡ್ಡ ಬಿಟ್ಟರೆ ಜೋಳದ ಹೊಲದಲ್ಲಿ ಕಾಲುದಾರಿ ಬಿದ್ದ ಹಾಗೆ ಕಾಣುತ್ತಿತ್ತು. ಈಗ ದಾರಿ ಅಂಕುಡೊಂಕು, ಗಡ್ಡದಲ್ಲೇ ಮುಚ್ಚಿಹೋಗುತ್ತದೆ. ಕಟಿಂಗ್ ಶಾಪಿನ ಹುಡುಗನಿಗೆ ಮಾತ್ರ ತಲೆನೋವು: "ಏನಣ್ಣ, ಇಲ್ಲಿ ಬ್ಲೇಡು ನೆಟ್ಟಗೆ ಹೋಗೋದೇ ಇಲ್ಲ" ಅಂತಾನೆ.