ಬ್ಲಡ್ ಗ್ರೂಪ್ ಲೆಕ್ಕ: ಮತದ ಕಾಲಂ ಒಡೆದ ತಿಂಗಳು

ಈ ತಿಂಗಳು ಹೊಸ ಸಾಲು ಜಾಸ್ತಿ ಸೇರಿಸಲಿಲ್ಲ, ಇದ್ದದ್ದನ್ನೇ ತಿದ್ದಿದೆ. ಮಂಗಳೂರು ಸುತ್ತಿನ ರಕ್ತದಾನ ಶಿಬಿರಗಳಲ್ಲಿ, ರಕ್ತ ಕೊಟ್ಟು ಜ್ಯೂಸ್ ಕುಡಿಯುತ್ತಾ ಕೂತವರನ್ನು ಕೇಳಿ ಬರೆದುಕೊಂಡ ಪಟ್ಟಿ ಇದು. ಹೆಸರಿಲ್ಲ, ಫೋನ್ ನಂಬರಿಲ್ಲ. ರಕ್ತದ ಗುಂಪು, ಮತ (ಧರ್ಮ), ಊರು ಮುಂತಾದ್ದು ಮಾತ್ರ. ಯಾವ ಸಮುದಾಯದಲ್ಲಿ ಓ, ಎ, ಬಿ ಜೀನ್ ಎಷ್ಟೆಷ್ಟು ಅಂತ ಇದರಿಂದ ಲೆಕ್ಕ ಹಾಕುತ್ತಿದ್ದೇನೆ.

ಓ ಗುಂಪಿನವರನ್ನು ಎಣಿಸಿದರೆ ಸಾಕಲ್ವಾ, ಜೀನ್ ಲೆಕ್ಕ ಯಾಕೆ ಅಂತ ತಂಗಿ ಕೇಳಿದಳು. ಸಾಕಾಗುವುದಿಲ್ಲ. ಓ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಓ ಗುಂಪು. ಜೊತೆಗೆ ಎ ಅಥವಾ ಬಿ ಬಂದರೆ ಓ ಅಡಗಿ ಕೂರುತ್ತದೆ. ಇದನ್ನು ಲೆಕ್ಕದಲ್ಲಿ ಹಿಡಿದವರು ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್, 1924ರಲ್ಲಿ. ನೂರು ಜನರಲ್ಲಿ ಓ 36, ಎ 13, ಬಿ 45, ಎಬಿ 6 ಅಂತಿಟ್ಟುಕೊಳ್ಳಿ (ಎಕ್ಸೆಲ್ ಶೀಟ್ ಸರಿಯಿದೆಯಾ ನೋಡಲು ನಾನೇ ಇಟ್ಟುಕೊಂಡ ಸಂಖ್ಯೆಗಳು). ಓ ಜೀನ್ ಇಬ್ಬರಿಂದಲೂ ಬರಬೇಕಾದ್ದರಿಂದ, ಅದರ ಪಾಲನ್ನು ಅದರಿಂದಲೇ ಗುಣಿಸಿದರೆ ಓ ಗುಂಪಿನವರ ಪಾಲು ಸಿಗುತ್ತದೆ; ಹಿಂದಕ್ಕೆ ಹೋಗಲು ವರ್ಗಮೂಲ ಬೇಕು. 0.36ರ ವರ್ಗಮೂಲ 0.6. ಅಂದರೆ ಓ ಗುಂಪಿನವರು 36 ಮಂದಿಯಾದರೂ ಜೀನ್‌ಗಳಲ್ಲಿ 60 ಶೇಕಡಾ ಓ! ಉಳಿದದ್ದರಲ್ಲಿ ಎ 0.1, ಬಿ 0.3. ಕೂಡಿದರೆ ಸರಿಯಾಗಿ 1. ಶೀಟ್ ಪಾಸ್.

ತಲೆನೋವು ಬಂದದ್ದು ಮತದ ಕಾಲಂನಲ್ಲಿ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್, ಜೈನ ಅಂತ ನಾಲ್ಕೇ ಡಬ್ಬ ಮಾಡಿದ್ದೆ. ಆದರೆ ತುಳುನಾಡಿನ ಬ್ಯಾರಿಗಳನ್ನೂ ಭಟ್ಕಳದ ನವಾಯತರನ್ನೂ ಒಂದೇ ಮುಸ್ಲಿಂ ಡಬ್ಬಕ್ಕೆ ಹಾಕಿದರೆ ಏನು ತಿಳಿಯುತ್ತದೆ? ಭಾಷೆ ಬೇರೆ, ಹೆಣ್ಣು ಕೊಟ್ಟು ತರುವ ಮನೆಗಳು ಬೇರೆ. ಇತ್ತ ಗೌಡ ಸಾರಸ್ವತರೂ ಮಂಗಳೂರಿನ ಕೆಥೊಲಿಕರೂ ಬೇರೆ ಮತ, ಆದರೆ ಇಬ್ಬರ ಮನೆಮಾತೂ ಕೊಂಕಣಿ, ಇಬ್ಬರೂ ಗೋವೆ ಕಡೆಯಿಂದ ಬಂದವರು. ಹಿಂದೂ ಡಬ್ಬವಂತೂ ಬಿಲ್ಲವ, ಬಂಟ, ಮೊಗವೀರ ಎಲ್ಲ ಸೇರಿ ಕಲಸಿಹೋಗಿತ್ತು. ಜೀನ್‌ಗೆ ಮತ ಗೊತ್ತಿಲ್ಲ, ಮದುವೆ ಮಾತ್ರ ಗೊತ್ತು. 1919ರಲ್ಲಿ ಹಿರ್ಷ್‌ಫೆಲ್ಡ್ ಎಂಬ ವೈದ್ಯ ದಂಪತಿ ಗ್ರೀಸಿನ ಸಲೋನಿಕಾದಲ್ಲಿ ಮಾಡಿದ ಸೈನಿಕರ ರಕ್ತದ ಗುಂಪಿನ ಪಟ್ಟಿ ಪ್ರಕಟಿಸಿ, ಭಾರತೀಯರಲ್ಲಿ ಬಿ ಜಾಸ್ತಿ ಅಂದರು. ದೊಡ್ಡ ಕೆಲಸ ಅದು. ಆದರೆ ಅಲ್ಲಿಯೂ ‘ಭಾರತೀಯರು’ ಅಂತ ಒಂದೇ ಡಬ್ಬ.

ಹಾಗಾಗಿ ಮತದ ಕಾಲಂ ಅನ್ನು ಸಮುದಾಯಗಳಾಗಿ ಒಡೆದೆ. ಒಡೆದ ಕೂಡಲೇ ಪ್ರತಿ ಸಮುದಾಯದ ಪಟ್ಟಿಯೂ ಸಣ್ಣದಾಯಿತು. ನೂರು ಮಂದಿಯಲ್ಲಿ ಓ 36 ಬಂತು ಅಂದರೆ ನಿಜವಾದ ಶೇಕಡಾ ಸುಮಾರು 27ರಿಂದ 45ರ ಒಳಗೆ ಎಲ್ಲಿ ಬೇಕಾದರೂ ಇರಬಹುದು; ಪಕ್ಕದ ಸಮುದಾಯದಲ್ಲಿ 31 ಬಂದರೆ ಅದನ್ನು ವ್ಯತ್ಯಾಸ ಅನ್ನಲು ನನಗೆ ಧೈರ್ಯ ಇಲ್ಲ. ಅದಕ್ಕೇ ಯಾವ ಸಮುದಾಯದ ಅಂಕಿಯನ್ನೂ ಇಲ್ಲಿ ಹಾಕುತ್ತಿಲ್ಲ.

ಇನ್ನೊಂದು ತಪ್ಪೂ ಸಿಕ್ಕಿತು. ಅಣ್ಣ ತಮ್ಮ ಒಟ್ಟಿಗೇ ಶಿಬಿರಕ್ಕೆ ಬರುತ್ತಾರೆ, ಅವರಿಬ್ಬರ ಜೀನ್ ಒಂದೇ ಮನೆಯದ್ದು. ಒಂದು ಮನೆಗೆ ಒಬ್ಬರನ್ನೇ ಉಳಿಸಿದೆ. ಓ ನೆಗೆಟಿವ್‌ನವರನ್ನು ಫೋನ್ ಮಾಡಿ ಕರೆಸುತ್ತಾರೆ, ಅದರಿಂದ ಓ ಲೆಕ್ಕ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ; ಹಾಗೆ ಬಂದವರನ್ನೂ ತೆಗೆದೆ.

ಸಂಬಂಧದೊಳಗಿನ ಮದುವೆ ಇನ್ನೂ ಬಗೆಹರಿದಿಲ್ಲ. ಕೆಲವರಲ್ಲಿ ಸೋದರಮಾವನ ಮಗಳು ಆಗುತ್ತದೆ, ಮುಸ್ಲಿಮರಲ್ಲಿ ಚಿಕ್ಕಪ್ಪನ ಮಗಳೂ ಆಗುತ್ತದೆ, ಕೆಥೊಲಿಕರಲ್ಲಿ ಅಷ್ಟು ಹತ್ತಿರದ ಸಂಬಂಧಕ್ಕೆ ಚರ್ಚಿನ ಅನುಮತಿ ಬೇಕು. ಇಂಥ ಮದುವೆ ಜಾಸ್ತಿ ಇದ್ದ ಕಡೆ ಒಂದೇ ಮನೆಯ ಓ ಜೀನ್ ಅಪ್ಪ, ಅಮ್ಮ ಎರಡೂ ಕಡೆಯಿಂದ ಬರಬಹುದಾದ್ದರಿಂದ ಓ ಗುಂಪಿನವರು ಸ್ವಲ್ಪ ಹೆಚ್ಚು ಕಾಣುತ್ತಾರೆ, ನನ್ನ ವರ್ಗಮೂಲವೂ ಅಷ್ಟು ಉಬ್ಬುತ್ತದೆ. ಮುಂದಿನ ಶಿಬಿರಕ್ಕೆ ಎರಡು ಪ್ರಶ್ನೆ ಸೇರಿಸಿದ್ದೇನೆ: ಅಮ್ಮನ ತವರು ಯಾವುದು, ಅಪ್ಪ ಅಮ್ಮ ಮೊದಲೇ ನೆಂಟರಾ?